ಬೆವರಿಗೆ ಬಿರಡೆ

ನಮ್ಮೂರ ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದಾದ ಮೇಲೆ ಒಂದು ಕಲ್ಲು ಹೊರಗೆ ಬರುತ್ತದೆ. ಸೋಪಿನ ಬಿಲ್ಲೆಯಷ್ಟು ದಪ್ಪ, ಕಲ್ಲುಸಕ್ಕರೆಯಂಥ ಬಣ್ಣ. ಎಷ್ಟೋ ಕೆನ್ನೆಗಳ ಮೇಲೆ ಓಡಾಡಿ ಅದರ ಮೂಲೆಗಳೆಲ್ಲ ಸವೆದಿವೆ. “ಒಂಚೂರು ಉರಿಯುತ್ತೆ, ತಡ್ಕೊಳ್ಳಿ ಸಾರ್” ಎನ್ನುತ್ತ ಅಂಗಡಿಯವನು ಅದನ್ನು ನೀರಲ್ಲಿ ಅದ್ದಿ ಉಜ್ಜುತ್ತಾನೆ. ಚರ್ಮ ಬಿಗಿದುಕೊಳ್ಳುತ್ತದೆ, ಬ್ಲೇಡು ತಾಗಿದ ಕಡೆ ರಕ್ತ ನಿಲ್ಲುತ್ತದೆ. ಪಟಿಕ. ದೃಷ್ಟಿಯಾಗದಿರಲೆಂದು ಅಂಗಡಿಯ ಬಾಗಿಲಿಗೆ ಕಪ್ಪು ದಾರದಲ್ಲಿ ಕಟ್ಟುವುದೂ ಅದನ್ನೇ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಬಣ್ಣಬಣ್ಣದ ಡಿಯೋ ಡಬ್ಬಿಗಳೂ ನಿಂತಿರುತ್ತವೆ. ಅವುಗಳ ಮಧ್ಯೆ ಇರುವ ರೋಲ್‌ಆನ್ ಒಂದನ್ನು ತಿರುಗಿಸಿ ಸಣ್ಣ ಅಕ್ಷರ ಓದಿದರೆ ‘ಅಲ್ಯುಮಿನಿಯಂ ಕ್ಲೋರೋಹೈಡ್ರೇಟ್’ ಎಂಬ ಹೆಸರು ಕಾಣಬಹುದು. ಅದು ಈ ಪಟಿಕದ ಕಲ್ಲಿನ ದಾಯಾದಿ.

ಈ ದಾಯಾದಿ ಸಂಬಂಧ ನನಗೆ ಗೊತ್ತಾಗಿದ್ದು ಒಂದು ಮದುವೆಯಲ್ಲಿ ಮರ್ಯಾದೆ ಹೋದ ಮೇಲೆ. ಮೇ ತಿಂಗಳು, ಗಾಳಿಯಾಡದ ಕಲ್ಯಾಣ ಮಂಟಪ, ಚಿಕ್ಕಪ್ಪನ ಮಗಳ ಧಾರೆ. ನನ್ನ ಮೈಮೇಲೆ ಹೊಸ ರೇಷ್ಮೆ ಅಂಗಿ. ಬೆಳಿಗ್ಗೆ ಬಚ್ಚಲಲ್ಲಿ ಕಂಕುಳನ್ನು ನುಣ್ಣಗೆ ಹೆರೆದುಕೊಂಡು, ಹಿಂದಿನ ದಿನ ಕೊಂಡಿದ್ದ ಡಬ್ಬಿಯಿಂದ ಎರಡೂ ಕಡೆ ಧಾರಾಳವಾಗಿ ಹೊಡೆದುಕೊಂಡೆ. ಮೊದಲು ಮಂಜುಗಡ್ಡೆ ಇಟ್ಟಂಥ ತಣ್ಪು, ಮರುಗಳಿಗೆಗೆ ಹಸಿಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ. ಮಾಂಗಲ್ಯಧಾರಣೆಯ ಹೊತ್ತಿಗೆ ಅಂಗಿಯ ಕಂಕುಳಲ್ಲಿ ಅಂಗೈ ಅಗಲದ ಒದ್ದೆ. ಪಂಕ್ತಿಯಲ್ಲಿ ಸಾರಿನ ಬಕೆಟ್ಟು ಹಿಡಿದವನು ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡೇ ಬಡಿಸಿದೆ. ಎರಡು ದಿನ ಬಿಟ್ಟು ಕೆಂಪು ಗಂದೆಗಳೆದ್ದವು, ಅವು ಇಳಿದ ಜಾಗದಲ್ಲಿ ಕಪ್ಪು ಉಳಿಯಿತು.

ಆಮೇಲೆ ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂಬದಿ ಓದಿದೆ. ಆಲ್ಕೋಹಾಲು, ಸುಗಂಧ, ಬ್ಯುಟೇನ್, ಪ್ರೊಪೇನ್. ಕೊನೆಯ ಎರಡು ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವ ಅನಿಲಗಳೇ. ಬೆವರು ತಡೆಯುವ ವಸ್ತು ಒಂದೂ ಇರಲಿಲ್ಲ. ಹಾಗಂತ ಡಬ್ಬಿಯನ್ನು ಬೈಯುವಂತೆಯೂ ಇಲ್ಲ. ಬೆವರು ತಡೆಯುತ್ತೇನೆಂದು ಅದು ಎಲ್ಲಿಯೂ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದೆ.

‘ಡಿಯೋ’ ಎಂಬ ಒಂದೇ ಹೆಸರಿನಲ್ಲಿ ನಾವು ಮೂರು ಬೇರೆ ಬೇರೆ ಸಾಮಾನು ಕೊಳ್ಳುತ್ತೇವೆ. ಬಾಡಿ ಸ್ಪ್ರೇ ನಾತದ ಮೇಲೆ ಪರಿಮಳದ ಹೊದಿಕೆ ಹೊದಿಸುತ್ತದೆ, ಅಷ್ಟೇ. ನಿಜವಾದ ಡಿಯೋಡರೆಂಟ್ ನಾತ ಹುಟ್ಟಿಸುವ ಬ್ಯಾಕ್ಟೀರಿಯಾಗಳ ಮೇಲೆ ಕೈ ಮಾಡುತ್ತದೆ. ಮೂರನೆಯದು ಆಂಟಿಪರ್ಸ್ಪಿರೆಂಟ್, ಅದು ಬೆವರು ಬರುವ ದಾರಿಯನ್ನೇ ಮುಚ್ಚುತ್ತದೆ. ಅಮೆರಿಕದಲ್ಲಿ ಮೊದಲೆರಡನ್ನು ಸೌಂದರ್ಯವರ್ಧಕವೆಂದೂ ಮೂರನೆಯದನ್ನು ಔಷಧಿಯೆಂದೂ ಕಾನೂನು ಬೇರೆ ಮಾಡಿದೆ, ಏಕೆಂದರೆ ಅದು ದೇಹದ ಒಂದು ಕೆಲಸವನ್ನೇ ಬದಲಿಸುತ್ತದೆ. ನಮ್ಮ ಅಂಗಡಿಯ ಹಲಗೆಯಲ್ಲಿ ಮೂರೂ ಹೆಗಲಿಗೆ ಹೆಗಲು ತಾಗಿಸಿ ನಿಂತಿರುತ್ತವೆ. ನಾವೋ ಮುಚ್ಚಳ ತೆಗೆದು ಮೂಸಿ ನೋಡಿ ಆರಿಸುತ್ತೇವೆ.

ಬೆವರಿನ ಮೇಲೆ ನಾವು ಹೊರಿಸುವ ಆರೋಪ ಅರ್ಧ ಸುಳ್ಳು. ಆಗಷ್ಟೇ ಬಂದ ಬೆವರಿಗೆ ವಾಸನೆ ಇಲ್ಲ. ಮೈಯಲ್ಲಿ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಅವುಗಳಲ್ಲಿ ಬಹುಪಾಲು ಉಪ್ಪುನೀರು ಸುರಿಸಿ ಮೈ ತಂಪು ಮಾಡುವಂಥವು, ಎಕ್ರೈನ್ ಎಂಬ ಹೆಸರಿನವು. ಅಪೊಕ್ರೈನ್ ಎಂಬ ಇನ್ನೊಂದು ಬಗೆ ಕಂಕುಳು, ತೊಡೆಸಂದಿಯಂಥ ಕೂದಲಿರುವ ಕಡೆ ಹೆಚ್ಚಾಗಿ ಇದೆ. ಅದು ಹರೆಯ ಬರುವ ತನಕ ಸುಮ್ಮನಿದ್ದು ಆಮೇಲೆ ಎದ್ದು ಕೂರುತ್ತದೆ. ಎಂಟು ವರ್ಷದ ಹುಡುಗ ಮಣ್ಣಲ್ಲಿ ಆಡಿ ಬಂದರೂ ನಾರದವನು ಹದಿನಾಲ್ಕಕ್ಕೆ ಕೋಣೆಯನ್ನೇ ನಾರಿಸುವುದು ಇದರಿಂದ. ಈ ಗ್ರಂಥಿಯಿಂದ ಬರುವ ಜಿಡ್ಡು, ಪ್ರೋಟೀನು ಬೆರೆತ ಮಂದ ದ್ರವವೂ ಮೂಲದಲ್ಲಿ ನಾರುವುದಿಲ್ಲ. ಕಂಕುಳಿನ ಬಿಸಿ, ತೇವ, ಕತ್ತಲಲ್ಲಿ ಸಂಸಾರ ಹೂಡಿರುವ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ನಾತವೆಂದರೆ ಅವು ಉಂಡು ಬಿಟ್ಟ ಎಂಜಲು.

ಆ ಎಂಜಲಿನಲ್ಲಿ ಏನೇನಿದೆ ಎಂದು ಹುಡುಕಿದವರಲ್ಲಿ ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಜಾರ್ಜ್ ಪ್ರೆಟಿ ಹೆಸರಾದವರು. ಕಂಕುಳಿನ ಹುಳಿನಾತಕ್ಕೆ ಕಾರಣವಾದ ಒಂದು ಆಮ್ಲವನ್ನು ಅವರ ತಂಡ 1990ರ ದಶಕದ ಆರಂಭದಲ್ಲಿ ಗುರುತಿಸಿತು. ಕೊರಿನೆಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕುಲ ಇಂಥ ಆಮ್ಲಗಳನ್ನು ತಯಾರಿಸುವುದರಲ್ಲಿ ನಿಸ್ಸೀಮ. ಹೆಚ್ಚಿದ ಈರುಳ್ಳಿಯಂಥ ಘಾಟು ಮಾತ್ರ ಬೇರೆಯವರ ಕೈಚಳಕ. ಸ್ಟ್ಯಾಫಿಲೊಕಾಕಸ್ ಹೋಮಿನಿಸ್ ಎಂಬ ಬ್ಯಾಕ್ಟೀರಿಯಾ ಬೆವರಿನ ವಾಸನೆಯಿಲ್ಲದ ಒಂದು ಅಣುವನ್ನು ಒಳಗೆಳೆದುಕೊಂಡು, ಒಂದು ಕಿಣ್ವದಿಂದ ಕತ್ತರಿಸಿ, ಗಂಧಕವಿರುವ ತುಂಡನ್ನು ಹೊರಗೆ ಉಗುಳುತ್ತದೆ. ಆ ಕಿಣ್ವವನ್ನು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಗೇವಿನ್ ಥಾಮಸ್ ಮತ್ತು ಸಂಗಡಿಗರು ಯುನಿಲಿವರ್ ಕಂಪನಿಯ ಜೊತೆಗೂಡಿ 2020ರಲ್ಲಿ ವಿವರಿಸಿದರು. ಇಡೀ ಕಂಕುಳನ್ನು ಔಷಧದಲ್ಲಿ ಅದ್ದುವ ಬದಲು ಆ ಒಂದು ಕಿಣ್ವದ ಬಾಯಿ ಕಟ್ಟಿದರೆ ಸಾಕಲ್ಲ ಎಂಬುದು ಮುಂದಿನ ಆಸೆ.

ಇನ್ನೊಂದು ವಿಚಿತ್ರ ಕಿವಿಯಲ್ಲಿದೆ. ಕಿವಿಯ ಗುಗ್ಗೆ ಅಂಟಂಟಾಗಿರುತ್ತದೋ ಪುಡಿಪುಡಿಯಾಗಿರುತ್ತದೋ ಎಂಬುದನ್ನು ಎಬಿಸಿಸಿ11 ಎಂಬ ಒಂದೇ ವಂಶವಾಹಿ ತೀರ್ಮಾನಿಸುತ್ತದೆಂದು ಜಪಾನಿನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಅಪೊಕ್ರೈನ್ ಗ್ರಂಥಿಯಿಂದ ನಾತದ ಕಚ್ಚಾವಸ್ತು ಹೊರಬರಲು ಬೇಕಾದದ್ದೂ ಅದೇ ವಂಶವಾಹಿ. ಪುಡಿ ಗುಗ್ಗೆಯವರ ಕಂಕುಳು ಹೆಚ್ಚು ನಾರುವುದಿಲ್ಲ. ಕೊರಿಯಾ, ಚೀನಾ, ಜಪಾನಿನ ಬಹುಪಾಲು ಜನ ಈ ಪುಣ್ಯವಂತರ ಸಾಲಿನವರು. ನಮ್ಮಲ್ಲಿ ಎರಡೂ ಬಗೆಯವರಿದ್ದಾರೆ. ಬ್ರಿಸ್ಟಲ್‌ನ ಸಂಶೋಧಕರು ಆರು ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿ ಜಾಲಾಡಿ 2013ರಲ್ಲಿ ಪ್ರಕಟಿಸಿದ ಸಂಗತಿ ಇನ್ನೂ ಮಜವಾಗಿದೆ. ಅವರಲ್ಲಿ ಸುಮಾರು ಶೇ 2 ಮಂದಿ ಹುಟ್ಟಿನಿಂದಲೇ ನಾತವಿಲ್ಲದವರು, ಆದರೆ ಅಂಥವರಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಡಿಯೋ ಬಳಸುತ್ತಿದ್ದರು. ಇಲ್ಲದ ರೋಗಕ್ಕೆ ದಿನಾ ಮದ್ದು!

ಈಗ ಬಿರಡೆಯ ವಿಷಯಕ್ಕೆ ಬರೋಣ. ಮಳೆಗಾಲದಲ್ಲಿ ಹೊಳೆಯ ಬಗ್ಗಡ ನೀರು ತಂದು ಅಜ್ಜಿ ಹಂಡೆಗೆ ಸುರಿಯುತ್ತಿದ್ದಳು. ಪಟಿಕದ ತುಂಡನ್ನು ನೀರಲ್ಲಿ ನಾಲ್ಕು ಸುತ್ತು ಆಡಿಸಿ ತೆಗೆದು ಮತ್ತೆ ಗೂಡಿನಲ್ಲಿಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಹಿಂಜಿದ ಹತ್ತಿಯಂಥ ಎಸಳುಗಳು ಕಾಣಿಸಿಕೊಂಡು, ಮಣ್ಣನ್ನೆಲ್ಲ ತಬ್ಬಿಕೊಂಡು ತಳಕ್ಕೆ ಕೂರುತ್ತಿದ್ದವು. ಬೆಳಗಾಗುವಷ್ಟರಲ್ಲಿ ನೀರು ಕನ್ನಡಿ. ನಗರಗಳ ನೀರು ಶುದ್ಧೀಕರಣ ಘಟಕಗಳಲ್ಲಿ ಇಂದಿಗೂ ನಡೆಯುವುದು ಇದೇ. ಆಮ್ಲೀಯ ಅಲ್ಯುಮಿನಿಯಂ ಲವಣ ನೀರಲ್ಲಿ ಕರಗಿ, ಹುಳಿ ತಗ್ಗುತ್ತಿದ್ದಂತೆ ಅಂಟು ಲೋಳೆಯಾಗಿ ಗರಣೆ ಕಟ್ಟುತ್ತದೆ. ಆಂಟಿಪರ್ಸ್ಪಿರೆಂಟ್ ಮಾಡುವ ಕೆಲಸವೂ ಅದೇ. ಹಂಡೆಯ ಜಾಗದಲ್ಲಿ ಕೂದಲೆಳೆಗಿಂತ ಸಪೂರಾದ ಬೆವರಿನ ನಳಿಕೆ, ಅಷ್ಟೇ ವ್ಯತ್ಯಾಸ. ಕಂಕುಳಿಗೆ ಹಚ್ಚಿದ ಲವಣ ಬೆವರಲ್ಲಿ ಕರಗಿ ನಳಿಕೆಯ ಬಾಯೊಳಗೆ ಇಳಿಯುತ್ತದೆ. ಅಲ್ಲಿ ಬೆವರಿನ ಪ್ರೋಟೀನುಗಳನ್ನು ಕೂಡಿಸಿಕೊಂಡು ಲೋಳೆಯಾಗಿ ಗಟ್ಟಿಯಾಗುತ್ತದೆ, ಬಿರಡೆ ಹಾಕಿದಂತೆ. ಚರ್ಮ ಪದರ ಪದರವಾಗಿ ಉದುರುತ್ತ ಹೋದಂತೆ ಕೆಲವು ದಿನಗಳಲ್ಲಿ ಈ ಬಿರಡೆಯೂ ಕಳಚಿಕೊಳ್ಳುತ್ತದೆ.

ಇದು ತಿಳಿದರೆ ನಾವು ಮಾಡುತ್ತಿರುವ ಒಂದು ತಪ್ಪೂ ತಿಳಿಯುತ್ತದೆ. ಸ್ನಾನ ಮುಗಿಸಿ, ಒದ್ದೆ ಮೈಯಲ್ಲೇ ರೋಲ್‌ಆನ್ ಎಳೆದುಕೊಂಡು ಬಸ್ಸಿಗೆ ಓಡುತ್ತೇವೆ. ಧಾರಾಕಾರ ಬೆವರಿನಲ್ಲಿ ಲವಣ ನಳಿಕೆಯೊಳಗೆ ಇಳಿಯುವ ಮೊದಲೇ ಕೊಚ್ಚಿ ಅಂಗಿಗೆ ಹೋಗುತ್ತದೆ. ಬೆವರಿನ ಜೊತೆ ಅಲ್ಯುಮಿನಿಯಂ ಸೇರಿ ಬಿಳಿ ಅಂಗಿಯ ಕಂಕುಳು ಹಳದಿ ಹಿಡಿಯುತ್ತದೆ, ಬೈಗುಳ ಬಟ್ಟೆ ಸೋಪಿಗೆ. ಚರ್ಮವೈದ್ಯರು ಹೇಳುವುದು ರಾತ್ರಿ ಮಲಗುವ ಮುಂಚೆ ಒಣಗಿದ ಕಂಕುಳಿಗೆ ಹಚ್ಚಿ ಎಂದು. ನಿದ್ದೆಯಲ್ಲಿ ಬೆವರು ಕಡಿಮೆ, ಬಿರಡೆ ನಿಧಾನಕ್ಕೆ ಕೂರುತ್ತದೆ. ಬೆಳಿಗ್ಗೆ ಸ್ನಾನ ಮಾಡಿದರೂ ಹೋಗುವುದಿಲ್ಲ, ಅದು ಇರುವುದು ಚರ್ಮದ ಮೇಲಲ್ಲ, ನಳಿಕೆಯ ಒಳಗೆ. ಹಾಗೆಂದು ಕಂಕುಳು ಮರುಭೂಮಿಯಾಗುತ್ತದೆಂದು ಯಾರೂ ನಂಬಬೇಕಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪ್ರಕಾರ ಬೆವರು ಶೇ 20ರಷ್ಟು ಇಳಿದರೆ ಆಂಟಿಪರ್ಸ್ಪಿರೆಂಟ್ ಎಂಬ ಹೆಸರಿಗೆ ಅರ್ಹ. ಶೇ 30 ಇಳಿಸಿದರೆ ‘ಹೆಚ್ಚು ಪರಿಣಾಮಕಾರಿ’ ಎಂದು ಬರೆದುಕೊಳ್ಳಬಹುದು.

ಬೆವರು ತಡೆದರೆ ಮೈಯ ಕಾವು ಒಳಗೇ ಉಳಿಯುವುದಿಲ್ಲವೇ ಎಂದು ಹೆದರುವವರಿದ್ದಾರೆ. ಎರಡು ಕಂಕುಳು ಸೇರಿದರೂ ಮೈ ಚರ್ಮದ ಬಲು ಸಣ್ಣ ಪಾಲು. ಬೆನ್ನು, ಎದೆ, ಹಣೆ ಆ ಕೆಲಸ ನೋಡಿಕೊಳ್ಳುತ್ತವೆ.

ಬೆವರು ನಾಚಿಕೆಯ ವಿಷಯವಾದ ಕತೆ ಒಂದು ಜಾಹೀರಾತಿನದು. ಕಂಕುಳಿಗೆಂದೇ ಮಾಡಿ ಮಾರಿದ ಮೊದಲ ಹೆಸರಾಂತ ಸರಕು ಫಿಲಡೆಲ್ಫಿಯಾದಲ್ಲಿ 1888ರಲ್ಲಿ ಬಂದ ‘ಮಮ್’, ಒಂದು ಸತುವಿನ ಮುಲಾಮು. ಅಲ್ಯುಮಿನಿಯಂ ಕ್ಲೋರೈಡಿನ ‘ಎವರ್‌ಡ್ರೈ’ 1903ರಲ್ಲಿ ಬಂತು. ಎರಡನ್ನೂ ಕೊಳ್ಳುವವರು ಕಡಿಮೆ, ಕಂಕುಳಿನ ಮಾತನ್ನು ನಾಲ್ಕು ಜನರೆದುರು ಆಡುವವರು ಇನ್ನೂ ಕಡಿಮೆ. ಸಿನ್ಸಿನಾಟಿಯ ಒಬ್ಬ ವೈದ್ಯರು ಶಸ್ತ್ರಚಿಕಿತ್ಸೆಯ ವೇಳೆ ಕೈ ಬೆವರದಿರಲೆಂದು ಒಂದು ದ್ರಾವಣ ಮಾಡಿಕೊಂಡಿದ್ದರು. ಅವರ ಮಗಳು, ಹೈಸ್ಕೂಲು ಹುಡುಗಿ ಎಡ್ನಾ ಮರ್ಫಿ, ಅದನ್ನು ಕಂಕುಳಿಗೆ ಹಚ್ಚಿ ನೋಡಿದಳು. ಫಲ ಕಂಡು ‘ಓಡೊರೋನೋ’ ಎಂದು ಹೆಸರಿಟ್ಟು ಮಾರಾಟಕ್ಕಿಳಿದಳು. ಮನೆಮನೆ ತಿರುಗಿದ ಹೆಂಗಸರ ಕೈಯಲ್ಲಿ ಅದು ಅಷ್ಟಾಗಿ ಹೋಗಲಿಲ್ಲ. 1912ರಲ್ಲಿ ಅಟ್ಲಾಂಟಿಕ್ ಸಿಟಿಯ ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕಿದಾಗ ಆ ಬೇಸಿಗೆಯ ಸೆಕೆಯೇ ಮಾರಿಕೊಟ್ಟಿತು.

ಸರಕಿನ ಗುಣ ಮಾತ್ರ ಭಯಂಕರ. ಕೆಂಪು ಬಣ್ಣದ ಹುಳಿ ದ್ರಾವಣ. ಅಲ್ಯುಮಿನಿಯಂ ಕ್ಲೋರೈಡು ನೀರು ಸೋಕಿದರೆ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ಚರ್ಮ ಉರಿಯುತ್ತದೆ, ಬಟ್ಟೆ ಸುಟ್ಟಂತಾಗುತ್ತದೆ. ಕೈ ಎತ್ತಿಕೊಂಡು ಅದು ಒಣಗುವ ತನಕ ಕಾಯಬೇಕಿತ್ತು. ಇಂಥದ್ದನ್ನು ಮಾರಲು ಜೇಮ್ಸ್ ವೆಬ್ ಯಂಗ್ ಎಂಬ ಜಾಹೀರಾತು ಬರಹಗಾರ 1919ರಲ್ಲಿ ಹೊಸ ಉಪಾಯ ಹೂಡಿದ. ‘ನಿಮಗೆ ನಾತವಿದೆ, ನಿಮಗೆ ಗೊತ್ತಿಲ್ಲ, ಹಿಂದಿನಿಂದ ಜನ ಆಡಿಕೊಳ್ಳುತ್ತಾರೆ’ ಎಂಬ ಅಳುಕನ್ನು ಹೆಂಗಸರ ಪತ್ರಿಕೆಯೊಂದರ ಪುಟದಲ್ಲಿ ಬಿತ್ತಿದ. ಸುಮಾರು 200 ಓದುಗರು ಸಿಟ್ಟಿಗೆದ್ದು ಚಂದಾ ನಿಲ್ಲಿಸಿದರು. ಓಡೊರೋನೋ ಮಾರಾಟ ಒಂದೇ ವರ್ಷದಲ್ಲಿ ಶೇ 112 ಏರಿತು. ನಮ್ಮ ಟೀವಿಯಲ್ಲಿ ಇಂದು ಲಿಫ್ಟಿನಲ್ಲಿ ಮೂಗು ಮುಚ್ಚಿಕೊಳ್ಳುವ ಸಹೋದ್ಯೋಗಿಯನ್ನು ಕಂಡಾಗಲೆಲ್ಲ ನನಗೆ ಈ ಪುಣ್ಯಾತ್ಮ ನೆನಪಾಗುತ್ತಾನೆ.

ಓಡೊರೋನೋದಂಥ ದ್ರಾವಣಗಳ ಉರಿಯನ್ನು ತಗ್ಗಿಸಿದ್ದು ಜೂಲ್ಸ್ ಮಾಂಟೆನಿಯರ್ ಎಂಬುವರು. ಹುಳಿಯನ್ನು ಪಳಗಿಸಲು ನೈಟ್ರೈಲ್ ಬಗೆಯ ವಸ್ತು ಸೇರಿಸಿ 1941ರಲ್ಲಿ ಪೇಟೆಂಟು ಪಡೆದರು. ಮುಂದೆ ಕ್ಲೋರೈಡಿನ ಜಾಗಕ್ಕೆ ಸೌಮ್ಯವಾದ ಕ್ಲೋರೋಹೈಡ್ರೇಟ್ ಬಂತು. 1950ರ ದಶಕದಲ್ಲಿ ಬಾಲ್‌ಪೆನ್ನಿನ ಗುಂಡು ನೋಡಿ ರೋಲ್‌ಆನ್ ಹುಟ್ಟಿತು, ಆಮೇಲೆ ಗಾಳಿ ತುಂಬಿದ ಡಬ್ಬಿ. ಹಳೆಯ ಕ್ಲೋರೈಡು ಸತ್ತಿಲ್ಲ. ವಿಪರೀತ ಬೆವರುವ ರೋಗಿಗಳಿಗೆ ವೈದ್ಯರು ಈಗಲೂ ಸುಮಾರು ಶೇ 20ರ ದ್ರಾವಣ ಬರೆದುಕೊಡುತ್ತಾರೆ, ‘ಚೆನ್ನಾಗಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಚ್ಚಿ’ ಎಂಬ ಎಚ್ಚರಿಕೆಯೊಂದಿಗೆ.

ಚರ್ಮದ ತಂಟೆ ಹುಡುಕಿ ಹೊರಟರೆ ಮೊದಲು ಸಿಗುವ ಕಳ್ಳ ಅಲ್ಯುಮಿನಿಯಂ ಅಲ್ಲ, ಪರಿಮಳ. ಡಬ್ಬಿಯ ಮೇಲೆ ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಅಡಗಿರುತ್ತವೆ. ಕಂಕುಳು ಮಡಿಚಿದ ಜಾಗ, ಗಾಳಿಯಿಲ್ಲ, ಚರ್ಮ ತೆಳು, ಮೇಲೆ ಬ್ಲೇಡಿನ ಗೀರು. ಬೇರೆಲ್ಲೂ ತೊಂದರೆ ಕೊಡದ ವಸ್ತು ಅಲ್ಲಿ ಒಳನುಗ್ಗಿ ಅಲರ್ಜಿ ಎಬ್ಬಿಸುತ್ತದೆ. ಹೀಗೆ ಜನರಿಗೆ ಬಹಳ ಅಲರ್ಜಿ ತಂದ ಲೈರಾಲ್ ಎಂಬ ಸುಗಂಧವನ್ನು ಯುರೋಪಿನ ಒಕ್ಕೂಟ ಸೌಂದರ್ಯವರ್ಧಕಗಳಿಂದಲೇ ಹೊರಹಾಕಿತು. ಚರ್ಮವೈದ್ಯರಿಗೆ ಒಂದು ಹಳೆಯ ಗುರುತಿದೆ. ನವೆ, ಕೆಂಪು ಕಂಕುಳಿನ ಗುಳಿಯ ನಡುವೆ ಇದ್ದರೆ ಡಿಯೋ ಮೇಲೆ ಅನುಮಾನ. ಗುಳಿ ಚೆನ್ನಾಗಿದ್ದು ಅಂಚಿನ ಮಡಿಕೆಗಳಲ್ಲಿ ಮಾತ್ರ ಇದ್ದರೆ ಬಟ್ಟೆಯ ಬಣ್ಣದ ಮೇಲೆ. ನನ್ನದು ಗುಳಿಯಲ್ಲೇ ಇತ್ತು.

ನಮ್ಮ ಗೋಧಿ, ಕಪ್ಪು ಚರ್ಮಕ್ಕೆ ಇನ್ನೊಂದು ಸ್ವಭಾವ. ಉರಿಯೂತ ಹೋದರೂ ಕಪ್ಪು ತಿಂಗಳುಗಟ್ಟಲೆ ಹೋಗುವುದಿಲ್ಲ. ಬ್ಲೇಡು, ಉಜ್ಜಾಟ, ಡಿಯೋ ಅಲರ್ಜಿ ಮೂರೂ ಸೇರಿ ಕಂಕುಳು ಕಪ್ಪಾಗುತ್ತದೆ. ಅದನ್ನು ಬಿಳಿ ಮಾಡುತ್ತೇವೆಂದು ಮತ್ತೊಂದು ಡಿಯೋ ಮಾರುತ್ತಾರೆ. ನಿಂಬೆಹೋಳು ಉಜ್ಜುವವರು ಉರಿಯ ಮೇಲೆ ಹುಳಿ ಹಿಂಡುತ್ತಾರೆ. ಆದರೆ ಕಪ್ಪು ಮಖಮಲ್ಲಿನಂತೆ ದಪ್ಪಗಾಗಿ, ಕುತ್ತಿಗೆಯ ಹಿಂದೂ ಹಾಗೇ ಇದ್ದರೆ ಅದು ಡಿಯೋ ತಪ್ಪಲ್ಲ, ಕೊಳೆಯೂ ಅಲ್ಲ. ಇನ್ಸುಲಿನ್ನಿಗೆ ಮೈ ಸ್ಪಂದಿಸುತ್ತಿಲ್ಲವೆಂಬ ಸೂಚನೆ ಇರಬಹುದು. ಉಜ್ಜುವ ನಾರು ಕೆಳಗಿಟ್ಟು ಸಕ್ಕರೆ ಪರೀಕ್ಷೆ ಮಾಡಿಸಬೇಕು.

‘ನೈಸರ್ಗಿಕ’ ಎಂಬ ಮಾತಿಗೂ ಮರುಳಾಗಬೇಡಿ. ಅಂಥ ಹಲವು ಸರಕುಗಳ ಜೀವಾಳ ಅಡುಗೆ ಸೋಡಾ. ಚರ್ಮ ಸಹಜವಾಗಿ ತುಸು ಹುಳಿ, ಸೋಡಾ ಕ್ಷಾರ. ದಿನಾ ಹಚ್ಚಿದರೆ ಕೆಲವರ ಕಂಕುಳು ಸುಲಿದು ಕೆಂಪಾಗುತ್ತದೆ. ಇನ್ನು ‘ಅಲ್ಯುಮಿನಿಯಂ ಇಲ್ಲದ ಹರಳು’ ಎಂದು ದುಬಾರಿ ಬೆಲೆಗೆ ಮಾರುವ ಕಡ್ಡಿಗಳಿವೆ. ಅವುಗಳಲ್ಲಿ ಅನೇಕವು ಕ್ಷೌರದಂಗಡಿಯ ಆ ಕಲ್ಲೇ, ಪಟಿಕ. ಅದರ ಹೊಟ್ಟೆಯಲ್ಲಿರುವುದೇ ಅಲ್ಯುಮಿನಿಯಂ. ಅದು ಬ್ಯಾಕ್ಟೀರಿಯಾಗಳನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಬೆವರನ್ನು ರೋಲ್‌ಆನ್‌ನಷ್ಟು ಕಟ್ಟುವುದಿಲ್ಲ.

ಸ್ಪ್ರೇ ಡಬ್ಬಿಯ ತಂಟೆಗಳೇ ಬೇರೆ. ತೀರಾ ಹತ್ತಿರ ಹಿಡಿದು ಒಂದೇ ಸಮನೆ ಹೊಡೆದರೆ ಅನಿಲದ ಶೈತ್ಯಕ್ಕೆ ಚರ್ಮ ಸುಟ್ಟ ಉದಾಹರಣೆಗಳಿವೆ. ಒಂದು ಗೇಣಿನಷ್ಟಾದರೂ ದೂರ ಬೇಕು. 2021ರಲ್ಲಿ ಅಮೆರಿಕದಲ್ಲಿ ಕೆಲವು ಸ್ಪ್ರೇಗಳಲ್ಲಿ ಬೆಂಜೀನ್ ಕಲಬೆರಕೆ ಸಿಕ್ಕು ಹೆಸರಾಂತ ಕಂಪನಿಗಳೇ ಸರಕು ವಾಪಸು ಪಡೆದವು. ಬೆಂಜೀನ್ ಕ್ಯಾನ್ಸರ್‌ಕಾರಕ. ಇದು ಪರಿಮಳದ್ದಲ್ಲ, ತಳ್ಳುವ ಅನಿಲದ ತಂಟೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ, ಒಲೆಯ ಪಕ್ಕ ಡಬ್ಬಿ ಇಡಬಾರದೆಂಬುದು ಅದರ ಮೇಲೇ ಅಚ್ಚಾಗಿದೆ.

ಕ್ಯಾನ್ಸರಿನ ಮಾತು ಬಂತಲ್ಲ. ವಾಟ್ಸಾಪಿನಲ್ಲಿ ವರ್ಷಕ್ಕೆರಡು ಸಲ ‘ಡಿಯೋದಿಂದ ಸ್ತನ ಕ್ಯಾನ್ಸರ್’ ಎಂಬ ಸಂದೇಶ ತಿರುಗುತ್ತದೆ. ಸಿಯಾಟಲ್‌ನ ಸಂಶೋಧಕರು ಸ್ತನ ಕ್ಯಾನ್ಸರ್ ಇದ್ದ 813 ಹೆಂಗಸರನ್ನೂ ಇಲ್ಲದ 793 ಮಂದಿಯನ್ನೂ ಹೋಲಿಸಿ 2002ರಲ್ಲಿ ವರದಿ ಕೊಟ್ಟರು. ಡಿಯೋ, ಆಂಟಿಪರ್ಸ್ಪಿರೆಂಟ್, ಹೆರೆದ ತಕ್ಷಣ ಹಚ್ಚುವುದು, ಯಾವುದಕ್ಕೂ ನಂಟು ಕಾಣಲಿಲ್ಲ. 2004ರಲ್ಲಿ ಫಿಲಿಪಾ ಡಾರ್ಬ್ರೆ ಎಂಬ ಸಂಶೋಧಕಿ 20 ಗಡ್ಡೆಗಳ ಅಂಗಾಂಶದಲ್ಲಿ ಪ್ಯಾರಬೆನ್ ಎಂಬ ಸಂರಕ್ಷಕ ಕಂಡರು, ಭಯ ಇನ್ನಷ್ಟು ಹಬ್ಬಿದ್ದು ಅಲ್ಲಿಂದ. ಗಡ್ಡೆಯಲ್ಲಿ ಸಿಕ್ಕಿತೆಂದರೆ ಗಡ್ಡೆಗೆ ಅದೇ ಕಾರಣವೆಂದಲ್ಲ, ಅದು ಡಿಯೋದಿಂದಲೇ ಬಂತೆಂದೂ ಅಲ್ಲ. ಚರ್ಮದ ಮೂಲಕ ಒಳಹೋಗುವ ಅಲ್ಯುಮಿನಿಯಂ ಅತ್ಯಲ್ಪ. ಯುರೋಪಿನ ವೈಜ್ಞಾನಿಕ ಸಮಿತಿ 2020ರಲ್ಲಿ ಸ್ಪ್ರೇ ಅಲ್ಲದ ಡಿಯೋಗಳಲ್ಲಿ ಶೇ 6.25ರವರೆಗೆ, ಸ್ಪ್ರೇಗಳಲ್ಲಿ ಶೇ 10.6ರವರೆಗೆ ಅಲ್ಯುಮಿನಿಯಂ ಸುರಕ್ಷಿತ ಎಂದಿತು.

ನಿಜವಾಗಿ ಜಾಗ್ರತೆ ಬೇಕಾದವರು ಮೂತ್ರಪಿಂಡ ಸೋತವರು. 1970ರ ದಶಕದಲ್ಲಿ ಡಯಾಲಿಸಿಸ್‌ಗೆ ಬಳಸಿದ ನೀರಲ್ಲಿದ್ದ ಅಲ್ಯುಮಿನಿಯಂ ರೋಗಿಗಳ ಮೆದುಳಿಗೇರಿ ಮಾತು ತೊದಲಿ, ಮರೆವು ಕವಿದು ಸತ್ತವರಿದ್ದಾರೆ. ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ, ಅವರದು ಹಾಕುತ್ತಿರಲಿಲ್ಲ. ಅಮೆರಿಕದಲ್ಲಿ ಆಂಟಿಪರ್ಸ್ಪಿರೆಂಟ್ ಮೇಲೆ ‘ಮೂತ್ರಪಿಂಡದ ಕಾಯಿಲೆಯಿದ್ದರೆ ವೈದ್ಯರನ್ನು ಕೇಳಿ’ ಎಂಬ ಸಾಲು ಕಡ್ಡಾಯವಾದದ್ದು ಇಂಥವರಿಗಾಗಿ. ಹಾಗೆಯೇ ಮ್ಯಾಮೊಗ್ರಾಂ ಮಾಡಿಸುವ ದಿನ ಕಂಕುಳಿಗೆ ಏನೂ ಹಚ್ಚಬೇಡಿ. ಅಲ್ಯುಮಿನಿಯಂ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಗಳಂತೆ ಕಂಡು ಇಲ್ಲದ ಗಾಬರಿ ಹುಟ್ಟಿಸುತ್ತವೆ.

ನಾತ ಬಿಡದವರು ಡಬ್ಬಿ ಬದಲಿಸುವ ಮೊದಲು ಅಂಗಿ ಬದಲಿಸಿ ನೋಡಬಹುದು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಕ್ರಿಸ್ ಕ್ಯಾಲೆವರ್ಟ್ 2014ರಲ್ಲಿ 26 ಮಂದಿಯ ವ್ಯಾಯಾಮದ ಅಂಗಿಗಳನ್ನು ಒಂದು ದಿನ ಬಿಟ್ಟು ಮೂಸಿಸಿದರು. ಪಾಲಿಯೆಸ್ಟರ್ ಹತ್ತಿಗಿಂತ ಹೆಚ್ಚು ನಾರುತ್ತಿತ್ತು. ಜಿಮ್ಮಿಗೆ ಹೋಗುವ ನಮ್ಮ ಹುಡುಗರ ಥಳಥಳ ಜೆರ್ಸಿಗಳೆಲ್ಲ ಪಾಲಿಯೆಸ್ಟರ್.

ನಾನೀಗ ಹೆರೆದ ದಿನ ಕಂಕುಳಿಗೆ ನೀರು ಬಿಟ್ಟು ಬೇರೇನೂ ತೋರಿಸುವುದಿಲ್ಲ. ಹೊಸದು ಕೊಂಡರೆ ಮೊದಲು ಮೊಣಕೈ ಒಳಮಡಿಕೆಗೆ ಒಂದು ವಾರ ಹಚ್ಚಿ ನೋಡುತ್ತೇನೆ. ನೀವೂ ನಿಮ್ಮ ಡಬ್ಬಿಯನ್ನೊಮ್ಮೆ ತಿರುಗಿಸಿ ಸಣ್ಣ ಅಕ್ಷರ ಓದಿ. ಅಲ್ಯುಮಿನಿಯಂ ಎಂಬ ಪದವಿದ್ದರೆ ರಾತ್ರಿ ಒಣಗಿದ ಕಂಕುಳಿಗೆ ಹಚ್ಚಿ. ಇಲ್ಲದಿದ್ದರೆ ಬೆಳಿಗ್ಗೆ ಹಚ್ಚಿದರೂ ಸರಿ, ಬೆವರು ನಿಲ್ಲುತ್ತದೆಂದು ಮಾತ್ರ ರೇಷ್ಮೆ ಅಂಗಿ ಹಾಕಬೇಡಿ.